ದ್ಯೂತದ ಹಾಸ್ಯ: ಅಂಬೇವಾಡಿ ಪರಿಸರದ ಬಯಲಾಟ ಮತ್ತು ಒಂದು ಕ್ಯಾಂಟನೀಸ್ ಚಲನಚಿತ್ರ

ಜೂಜನ್ನು ವಸ್ತುವಾಗಿ ಉಳ್ಳ ಹಾಸ್ಯದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದಕ್ಕಿಂತ ಯಾರ ಮಾತಿಗೆ ಸಭೆ ನಗುತ್ತದೆ ಎಂಬುದು ಮಹತ್ವದ ಪ್ರಶ್ನೆ. ಜನಪದ ರಂಗಭೂಮಿಯ ಅಧ್ಯಯನಗಳು ಹಾಸ್ಯಗಾರನ ಚಾತುರ್ಯವನ್ನು ಧಾರಾಳವಾಗಿ ಕೊಂಡಾಡಿವೆ. ಆತ ಯಾರನ್ನು ಅನುಕರಿಸುತ್ತಾನೆ, ಅನುಕರಣೆಗೊಳಗಾದವರು ಅದೇ ಸಭೆಯಲ್ಲಿ ಎಲ್ಲಿ ಕುಳಿತಿರುತ್ತಾರೆ ಎಂಬುದನ್ನು ಅಷ್ಟಾಗಿ ವಿಚಾರಿಸಿಲ್ಲ.

ದಾಂಡೇಲಿಗೆ ಹೊಂದಿಕೊಂಡ ಅಂಬೇವಾಡಿ ಇಂತಹ ವಿಚಾರಣೆಗೆ ತಕ್ಕ ನೆಲೆ. ನಾಟಾ ಸಾಗಣೆಯ ರೈಲುದಾರಿ, 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆ ಇವೆರಡೂ ಈ ಪರಿಸರಕ್ಕೆ ಹಲವು ಭಾಷೆಗಳ ಶ್ರಮಿಕರನ್ನು ಕರೆತಂದವು. ಅವರಿಗೂ ಮೊದಲೇ ಕಾಡಿನಂಚಿನಲ್ಲಿ ಕುಣಬಿ, ಗೌಳಿ, ಸಿದ್ದಿ ಸಮುದಾಯಗಳಿದ್ದವು. 1966ರಿಂದ ಮುಂಡಗೋಡದಲ್ಲಿ ಟಿಬೆಟನ್ನರೂ ನೆಲೆಸಿದರು. ಬಯಲುಸೀಮೆಯ ದೊಡ್ಡಾಟವೂ ಘಟ್ಟ-ಕರಾವಳಿಯ ಯಕ್ಷಗಾನವೂ ಪರಸ್ಪರ ಎದುರಾಗುವ ಸೀಮೆಯಿದು.

ಎರಡೂ ಪ್ರಕಾರಗಳಿಗೆ ಪರಿಚಿತವಾದ ದ್ಯೂತದ ಕಥೆಯಲ್ಲಿ ಪಗಡೆಯ ಹಾಸಿನ ಸುತ್ತ ಇರುವವರೆಲ್ಲ ಅರಸು ಮಕ್ಕಳೇ. ಜನಸಾಮಾನ್ಯನಾಗಿ ಅಲ್ಲಿ ಕಾಣಿಸಿಕೊಳ್ಳುವವನು ದ್ರೌಪದಿಯನ್ನು ಕರೆತರಲು ಹೋಗುವ ಪ್ರಾತಿಕಾಮಿ. ಇಂತಹ ದೂತಪಾತ್ರಗಳು ಯಕ್ಷಗಾನದಲ್ಲಿ ಹಾಸ್ಯಗಾರನ ಪಾಲಿಗೆ ಬರುವುದು ವಾಡಿಕೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ತನ್ನ ಮಡದಿಯನ್ನೋ ಎಂಬ ದ್ರೌಪದಿಯ ಪ್ರಶ್ನೆಯನ್ನು ಸಭೆಗೆ ಹೊತ್ತು ತರುವವನು ಇವನೇ. ಇಡೀ ಪ್ರಸಂಗದ ಅತ್ಯಂತ ಗಂಭೀರವಾದ ಪ್ರಶ್ನೆ ನಗಿಸಲೆಂದೇ ನಿಂತವನ ಬಾಯಿಂದ ಬರುತ್ತದೆ. ಭೀಷ್ಮನೂ ಸಮರ್ಪಕವಾಗಿ ಉತ್ತರಿಸಲಾರದ ಪ್ರಶ್ನೆಯದು.

ಆದರೆ ಹಾಸ್ಯಗಾರನ ಆಡುಮಾತು ಯಾರದು? ರಾಜಪಾತ್ರಗಳು ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುತ್ತವೆ; ಕೊಂಕಣಿ ಛಾಯೆಯ, ಉರ್ದು ಬೆರೆತ ಕನ್ನಡಗಳು ಹಾಸ್ಯಕ್ಕೆ ಮೀಸಲಾಗುತ್ತವೆ. ವೈವಿಧ್ಯ ರಂಗಕ್ಕೆ ಬಂದಿತೆಂದು ಹಿಗ್ಗುವ ವಿಮರ್ಶಕರು ಅದು ಬಂದ ಬಾಗಿಲನ್ನು ಗಮನಿಸುವುದಿಲ್ಲ. ಅಪವಾದಗಳಿಲ್ಲವೆಂದಲ್ಲ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ ನಗುವಿಗೂ ಗೌರವಕ್ಕೂ ಏಕಕಾಲದಲ್ಲಿ ಪಾತ್ರನಾದವನು.

ಇದಕ್ಕೆ ತೀರ ಭಿನ್ನವಾದ ಮಾದರಿ ಹಾಂಗ್‌ಕಾಂಗ್‌ನಲ್ಲಿ ದೊರೆಯುತ್ತದೆ. ಅಲ್ಲಿ ಮ್ಯಾಂಡರಿನ್ ಚಿತ್ರಗಳ ಪ್ರಾಬಲ್ಯದಿಂದಾಗಿ 1972ರ ಹೊತ್ತಿಗೆ ಜನರ ಆಡುಮಾತಾದ ಕ್ಯಾಂಟನೀಸ್‌ನಲ್ಲಿ ಚಿತ್ರನಿರ್ಮಾಣ ಬಹುತೇಕ ನಿಂತೇಹೋಗಿತ್ತು. 1973ರಲ್ಲಿ ಚೋರ್ ಯುವೆನ್ ನಿರ್ದೇಶಿಸಿದ, ಒಂದೇ ವಠಾರದ ಬಾಡಿಗೆದಾರರನ್ನು ಕುರಿತ 'ದಿ ಹೌಸ್ ಆಫ್ 72 ಟೆನೆಂಟ್ಸ್' ಆ ಮಾತನ್ನು ತೆರೆಗೆ ಮರಳಿ ತಂದಿತು. ಮರುವರ್ಷ ಮೈಕೆಲ್ ಹುಯಿ ಬರೆದು ನಿರ್ದೇಶಿಸಿದ 'ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ' ಅದನ್ನು ಗಟ್ಟಿಗೊಳಿಸಿತು. ಸೆರೆಮನೆಯಲ್ಲಿ ಭೇಟಿಯಾದ ಇಬ್ಬರು ಜೂಜುಕೋರರು ಜೊತೆಗೂಡಿ ಮೋಸಕ್ಕಿಳಿಯುವ ಕಥೆಯದು. ನಿರ್ದೇಶಕನೂ ಆತನ ತಮ್ಮ ಸ್ಯಾಮ್ ಹುಯಿಯೂ ಆ ಪಾತ್ರಗಳನ್ನು ವಹಿಸಿದ್ದಾರೆ. ಇಲ್ಲಿ ಬೀದಿಯ ಮಾತು ದೂತನ ಮಾತಲ್ಲ, ನಾಯಕನ ಮಾತು. ಸ್ಯಾಮ್ ಹಾಡಿದ ಶೀರ್ಷಿಕೆ ಗೀತೆಯೂ ಅದೇ ಮಾತಿನಲ್ಲಿದೆ. ಪ್ರಾತಿಕಾಮಿಯೇ ಪಗಡೆಯ ಹಾಸಿಗೆ ಬಂದು ಕುಳಿತಂತೆ.

ಹಾಂಗ್‌ಕಾಂಗ್‌ನವರ ಜೂಜಿನ ಯಾತ್ರಾಸ್ಥಳ ಮಕಾವು 1999ರವರೆಗೆ ಪೋರ್ಚುಗೀಸರ ಆಡಳಿತದಲ್ಲಿತ್ತು. ಜೋಯಿಡಾದ ಗಡಿಯಾಚೆಗಿನ ಗೋವೆಯೂ 1961ರವರೆಗೆ ಅವರದೇ ಆಗಿತ್ತು. 1992ರ ಕಾನೂನು ತಿದ್ದುಪಡಿಯ ತರುವಾಯ ಅಲ್ಲಿ ಕ್ಯಾಸಿನೊಗಳು ತಲೆಯೆತ್ತಿದವು. ಅಂಬೇವಾಡಿಯ ಓದುಗರಿಗೆ ಆ ಚಿತ್ರದ ಭೂಗೋಳ ಅಪರಿಚಿತವೆನಿಸದು.

ಹಾಗೆಂದು ಚಿತ್ರವನ್ನು ಸಮಾನತೆಯ ದಾಖಲೆಯೆಂದು ಓದುವುದು ಅತಿಯಾದೀತು. ಆಡುಮಾತಿಗೆ ದೊರೆತ ಪೀಠ ಹೆಂಗಸರಿಗೆ ದೊರೆತಿಲ್ಲ. ಅವರು ಆಟ ನೋಡುವವರಾಗಿ, ಗಂಡಸರ ಸೋಲಿನ ಭಾರ ಹೊರುವವರಾಗಿ ಅಂಚಿನಲ್ಲಿಯೇ ಉಳಿಯುತ್ತಾರೆ. ಬಯಲಾಟದ ದ್ರೌಪದಿಗಾದರೋ ಒಂದು ಪ್ರಶ್ನೆಯಿದೆ. ಈ ಅಂಶದಲ್ಲಿ ಹಳೆಯ ಪ್ರಸಂಗವೇ ಹೊಸ ಚಿತ್ರಕ್ಕಿಂತ ಮುಂದಿದೆ.

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆಯ ಪ್ರಾತಿನಿಧ್ಯ ಹೀಗೆ ಸಂದಿತು. ರಂಗದ ಪ್ರಾತಿನಿಧ್ಯ ಬೇರೆಯೇ ಬಗೆಯದು. ಸಿದ್ದಿ ಕಲಾವಿದನೊಬ್ಬ ಪ್ರಾತಿಕಾಮಿಯಾಗಿ ನಿಂತು, ಯಾರನ್ನೂ ಅನುಕರಿಸದೆ, ತನ್ನ ಮನೆಯ ಕೊಂಕಣಿಯಲ್ಲಿ ದ್ರೌಪದಿಯ ಪ್ರಶ್ನೆಯನ್ನು ಸಭೆಯ ಮುಂದಿಟ್ಟರೆ, ಆಟ ನೋಡಲು ಬಂದವರು ಮೊದಲು ನಗುತ್ತಾರೆಯೇ, ಇಲ್ಲವೇ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಾರೆಯೇ?