ಚೋಮನೂ ಭೂಸುಧಾರಣೆಯೂ

ಜಯನಗರದ ನಮ್ಮ ಕಾಲೇಜಿನಲ್ಲಿ ಕಾರಂತರ ‘ಚೋಮನ ದುಡಿ’ಯನ್ನು (1933) ಪಾಠ ಹೇಳುವಾಗ ವಿದ್ಯಾರ್ಥಿಯೊಬ್ಬನು ಕೇಳಿದನು: 1974ರ ಭೂಸುಧಾರಣೆ ಅಂದೇ ಬಂದಿದ್ದರೆ ಚೋಮನ ಗೋಳು ತಪ್ಪುತ್ತಿತ್ತಲ್ಲವೇ?

ತಪ್ಪುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ. ದೇವರಾಜ ಅರಸರ ಕಾಲದ ಆ ಕಾನೂನು ಉಳುವ ಗೇಣಿದಾರನನ್ನು ಭೂಮಿಗೆ ಒಡೆಯನನ್ನಾಗಿ ಮಾಡಿತು. ಅದು ಸಣ್ಣ ಸಾಧನೆಯಲ್ಲ. ಹೆಚ್ಚುವರಿ ಭೂಮಿಯನ್ನು ಭೂಹೀನರಿಗೆ ಹಂಚುವ ವಿಧಿಯೂ ಅದರಲ್ಲಿತ್ತು. ಹಾಗೆ ಹಂಚಿದ್ದು ಮಾತ್ರ ಅಲ್ಪ. ಚೋಮನಾದರೋ ಗೇಣಿದಾರನಲ್ಲ, ಜೀತದಾಳು. ಎತ್ತುಗಳಿದ್ದರೂ ಅವನಿಗೆ ಗೇಣಿಗೆ ಗದ್ದೆ ದೊರೆಯಲಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ತಾಯಿ ಒಪ್ಪಲಿಲ್ಲ. ಅಸ್ಪೃಶ್ಯನು ಬೇಸಾಯಗಾರನಾಗಬಾರದೆಂಬುದು ರೂಢಿ. ಧಣಿಯನ್ನು ದುಷ್ಟನನ್ನಾಗಿ ಚಿತ್ರಿಸದೆ ರೂಢಿಯತ್ತ ಬೆರಳು ತೋರಿಸಿದ್ದೇ ಕಾರಂತರ ಹಿರಿಮೆ.

ಗೇಣಿದಾರನನ್ನು ಹುಡುಕಿ ಬಂದ ಕಾನೂನು, ಗೇಣಿಗೇ ಅನರ್ಹನೆನಿಸಿದವನ ಗುಡಿಸಲಿನ ಮುಂದೆ ನಿಲ್ಲದೆ ಹೋಯಿತು. ರೋಗದ ಬೇರು ಎಲ್ಲಿದೆಯೆಂಬುದನ್ನು ಕಾದಂಬರಿ ನಾಲ್ವತ್ತು ವರ್ಷ ಮೊದಲೇ ಹೇಳಿತ್ತು. ಶಾಸನ ಬರೆದವರು ಅದನ್ನು ಓದಬೇಕಾಗಿತ್ತು.