ಆರುನೂರು ಫ್ರಾಂಕಿನ ಪಾಠ

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪಠ್ಯ ‘ಸ್ಪ್ರಿಂಗ್ಸ್’ಗೆ ದಶಕಕ್ಕೂ ಮೀರಿ ಸಿಗುತ್ತಿರುವ ಹೊಗಳಿಕೆ ಈಗ ಅದರ ಪಾಠಗಳಷ್ಟೇ ಬಾಯಿಪಾಠವಾಗಿಬಿಟ್ಟಿದೆ. ಷೇಕ್ಸ್‌ಪಿಯರ್, ಯೇಟ್ಸ್ ಇದ್ದರೂ ಅವರ ದರಬಾರು ಇಲ್ಲ. ಸಾಲಿನಲ್ಲೇ ನೆರೂಡ, ಬೋರ್ಹೆಸ್, ಅಚೆಬೆ, ಕುವೆಂಪು, ಲಂಕೇಶ್, ತೆಲುಗಿನ ಚಲ್ಲಪಲ್ಲಿ ಸ್ವರೂಪರಾಣಿ ಕೂತಿದ್ದಾರೆ. ಪತ್ರಕರ್ತ ಪಿ. ಸಾಯಿನಾಥರ ಲೇಖನದಲ್ಲಿ ಪುದುಕ್ಕೋಟ್ಟೈಯ ಹೆಂಗಸರು ಸೈಕಲ್ ಹತ್ತುತ್ತಾರೆ. ಹೀಗೆ ಹೊಗಳುವವರೆಲ್ಲ ಪರಿವಿಡಿ ಓದಿದವರು. ನಮ್ಮ ಚಿಕ್ಕೋಡಿ ಸೀಮೆಯ ರಾಯಬಾಗದ ಹುಡುಗಿ ಓದುವುದು ಪಾಠದ ಕೊನೆಗಿರುವ ಪ್ರಶ್ನೆಗಳನ್ನು. ಕೋರ್ಸು ಎಂಥದ್ದೆಂದು ತಿಳಿಯಬೇಕಾದರೆ ಅವಳ ಜೊತೆ ಕೂತು ಓದಬೇಕು.

ಕಂದಾಯದ ಲೆಕ್ಕದಲ್ಲಿ ಚಿಕ್ಕೋಡಿ ಇನ್ನೂ ಬೆಳಗಾವಿ ಜಿಲ್ಲೆಯೊಳಗಿದೆ. ಪಿಯು ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಅದಾಗಲೇ ಬೇರೆ ಜಿಲ್ಲೆ. ಆ ಪಟ್ಟಿಯಲ್ಲಿ ಒಂದು ಸ್ಥಾನ ಮೇಲೇರಿಸುವ ಒತ್ತಡ ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲ ಸ್ಟಾಫ್‌ರೂಮುಗಳಲ್ಲೂ ಇದೆ. ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜು’ ಅದರ ಕೂಸು. “ಇಂಗ್ಲಿಷ್ ಒಂದ್ ಪಾಸಾದ್ರ ಸಾಕ್ರೀ ಸರ” ಎನ್ನುವ ಅಪ್ಪಂದಿರ ಮಾತೂ ಇದಕ್ಕೆ ಸೇರಿಕೊಳ್ಳುತ್ತದೆ. ಇದೆಲ್ಲ ಗೊತ್ತಿದ್ದದ್ದೇ. ಒಂದೇ ಪಾಠ ಹಿಡಿದು ನೋಡೋಣ.

ಟಾಲ್‌ಸ್ಟಾಯ್‌ರ ‘ಟೂ ಡಿಯರ್!’, ಮೊಪಾಸಾನ ಬರಹವೊಂದನ್ನು ಆಧರಿಸಿ ಅವರು 1897ರಲ್ಲಿ ಬರೆದ ಕಥೆ. ಫ್ರಾನ್ಸ್–ಇಟಲಿಗಳ ಗಡಿಯ ಬಳಿ ಮೊನಾಕೊ ಎಂಬ ಆಟಿಕೆಯಂಥ ರಾಜ್ಯ. ಜನ 7,000, ಸೈನಿಕರು 60. ತಂಬಾಕಿನ ಮೇಲೆ, ಹೆಂಡದ ಮೇಲೆ, ತಲೆಯ ಮೇಲೆ ತೆರಿಗೆ. ಸಾಲದ್ದಕ್ಕೆ ಜೂಜಿನ ಆದಾಯ. ಅಲ್ಲೊಂದು ಕೊಲೆ ನಡೆಯುತ್ತದೆ. ಮರಣದಂಡನೆ ವಿಧಿಸಿದ್ದಾಯಿತು, ತಲೆ ಕಡಿಯುವವರಿಲ್ಲ. ಯಂತ್ರ ಮತ್ತು ಕಟುಕನಿಗೆ ಫ್ರಾನ್ಸ್ 16,000 ಫ್ರಾಂಕ್ ಕೇಳುತ್ತದೆ, ಇಟಲಿ 12,000. ತಲೆಗೆ ಎರಡು ಫ್ರಾಂಕಿನ ಹೊರೆಯಾದೀತೆಂದು ರಾಜ ಹಿಂಜರಿಯುತ್ತಾನೆ. ಸೈನಿಕರನ್ನು ಕೇಳಿದರೆ, ಆ ಕೆಲಸ ನಮಗೆ ಕಲಿಸಿಲ್ಲ ಎನ್ನುತ್ತಾರೆ. ಶಿಕ್ಷೆ ಜೀವಾವಧಿಗೆ ಇಳಿಯುತ್ತದೆ. ಕಾವಲು, ಊಟಕ್ಕೆ ವರ್ಷಕ್ಕೆ 600 ಫ್ರಾಂಕ್. ಖರ್ಚು ಉಳಿಸಲು ಕಾವಲುಗಾರನನ್ನು ತೆಗೆದರೆ ಕೈದಿ ತಾನೇ ಅರಮನೆಗೆ ಹೋಗಿ ಊಟ ತಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಾನೆ. ಓಡಿಹೋಗು ಎಂದರೂ ಹೋಗುವುದಿಲ್ಲ. ಕಡೆಗೆ ಅದೇ 600 ಫ್ರಾಂಕನ್ನು ಪಿಂಚಣಿಯಾಗಿ ಕೊಟ್ಟು ಗಡಿ ದಾಟಿಸುತ್ತಾರೆ.

ಕಥೆಯಲ್ಲಿ ಯಾರೂ ನ್ಯಾಯದ ಮಾತು ಆಡುವುದಿಲ್ಲ. ಕೊಲೆಯಾದವನ ಹೆಸರಿಲ್ಲ, ಅವನ ಮನೆಯವರ ಸುದ್ದಿಯಿಲ್ಲ. ಮಂತ್ರಿಗಳು, ಸಮಿತಿಗಳು, ಉಪಸಮಿತಿಗಳು ಗಂಭೀರವಾಗಿ ಕೂತು ಅಂಕಿಗಳನ್ನಷ್ಟೇ ಚರ್ಚಿಸುತ್ತವೆ. ಟಾಲ್‌ಸ್ಟಾಯ್ ಎಲ್ಲೂ ದನಿ ಏರಿಸುವುದಿಲ್ಲ. ದಿನಸಿ ಲೆಕ್ಕ ಬರೆಯುವ ಧಾಟಿಯಲ್ಲೇ ಸಾವಿನ ಲೆಕ್ಕವನ್ನೂ ಬರೆಯುತ್ತಾರೆ. ವ್ಯಂಗ್ಯವೆಲ್ಲ ಆ ತಣ್ಣನೆಯ ಧಾಟಿಯಲ್ಲಿದೆ. 16,000 ಎಂಬ ಅಂಕಿ ಓದುಗನಿಗೆ ನಾಚಿಕೆ ಹುಟ್ಟಿಸಬೇಕು.

ಇದನ್ನು ನಮ್ಮ ಕೋರ್ಸು ಏನು ಮಾಡುತ್ತದೆ? ಸೈನಿಕರೆಷ್ಟು, ಫ್ರಾನ್ಸ್ ಕೇಳಿದ್ದೆಷ್ಟು, ಪಿಂಚಣಿ ಎಷ್ಟು ಎಂಬ ಬಗೆಯ ಒಂದಂಕದ ಪ್ರಶ್ನೆಗಳಿಗೆ ಮಕ್ಕಳನ್ನು ಅಣಿಗೊಳಿಸುತ್ತದೆ. ಮೊದಲ ಭಾಗಕ್ಕೆ ಒಂದು ವಾಕ್ಯ, ಎರಡನೆಯದಕ್ಕೆ 80–100 ಪದ, ಮೂರನೆಯದಕ್ಕೆ 200 ಪದ. ಯಾವ ಮನೋಭಾವವನ್ನು ಕಥೆ ಗೇಲಿ ಮಾಡಿತೋ, ಅದನ್ನೇ ಪರೀಕ್ಷೆ ಗಂಭೀರವಾಗಿ ಅಭ್ಯಾಸ ಮಾಡಿಸುತ್ತದೆ. ಅಂಕಿ ನೆನಪಿಟ್ಟವನಿಗೆ ಅಂಕ. ನಕ್ಕವನಿಗೆ ಏನೂ ಇಲ್ಲ.

ಈ ಕಥೆ ನಮ್ಮ ಸೀಮೆಯ ಮಕ್ಕಳಿಗೆ ದೂರದ್ದೇನಲ್ಲ. ಆ ಕೈದಿ ನೆಲೆಸುವುದು ಗಡಿಯಾಚೆ, ರೈಲಿನಲ್ಲಿ ಕಾಲು ಗಂಟೆಯ ಹಾದಿಯಲ್ಲಿ. ತುಸು ನೆಲ ಕೊಂಡು ತರಕಾರಿ ಬೆಳೆಯುತ್ತಾನೆ, ಪಿಂಚಣಿಯ ದಿನ ತಪ್ಪದೆ ಈಚೆ ಬರುತ್ತಾನೆ. ಉಗಾರ, ಶೇಡಬಾಳದಲ್ಲಿ ರೈಲು ಹತ್ತಿ ಗಡಿಯಾಚೆಯ ಮಿರಜಕ್ಕೆ ಹೋಗಿಬರುವವರಿಗೆ ಈ ಬದುಕನ್ನು ವಿವರಿಸಿ ಹೇಳಬೇಕೆ? ತಂಬಾಕಿನಿಂದ ಬೊಕ್ಕಸ ತುಂಬಿಸಿಕೊಳ್ಳುವ ರಾಜನ ಬಗ್ಗೆ ನಿಪ್ಪಾಣಿಯಲ್ಲಿ ಪಾಠ ಮಾಡುತ್ತ, 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಇದೇ ನೆಲದ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕೂತದ್ದು, ಗೋಲೀಬಾರ್ ಆದದ್ದು ನೆನಪಾಗದಿದ್ದರೆ ಆ ಪಾಠ ನಡೆದೇ ಇಲ್ಲವೆಂದು ಲೆಕ್ಕ. ಜೀವಕ್ಕೆ ಸರಕಾರ ಬೆಲೆ ಕಟ್ಟುವುದೆಂದರೇನು ಎಂಬ ಪ್ರಶ್ನೆಗೆ ಇಲ್ಲಿನ ಅಜ್ಜಂದಿರ ಬಳಿ 200 ಪದಕ್ಕಿಂತ ಹೆಚ್ಚಿನ ಉತ್ತರವಿದೆ. ಅದನ್ನು ಬರೆಯಲು ಉತ್ತರಪತ್ರಿಕೆಯಲ್ಲಿ ಜಾಗವಿಲ್ಲ.

ಜಾಗವಿಲ್ಲ ಎಂಬುದು ಅರ್ಜಿಯ ಪ್ರಶ್ನೆಯಲ್ಲಂತೂ ಅಕ್ಷರಶಃ ನಿಜ. ಉದ್ಯೋಗಕ್ಕೆ ಅರ್ಜಿ ಬರೆಯಿರಿ. ಹೆಸರಿಗೆ ಎಕ್ಸ್‌ಎಕ್ಸ್‌ಎಕ್ಸ್, ವಿಳಾಸಕ್ಕೆ ವೈವೈವೈ ಎಂದು ಹಾಕಿ. ಗುರುತು ಸಿಗಬಾರದೆಂಬ ನಿಯಮ ನ್ಯಾಯವಾದದ್ದೇ. ಆದರೆ ತರಗತಿಯಲ್ಲೂ ವರ್ಷವಿಡೀ ಹೀಗೇ ತಿದ್ದಿಸಿದರೆ, ಸ್ವಂತ ಊರು, ಸ್ವಂತ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳುವ ಅವಕಾಶ ಹುಡುಗನಿಗೆ ಎಂದು ಸಿಗಬೇಕು?

ಇಲ್ಲಿ ಇನ್ನೊಂದು ಗುಂಪಿನೊಡನೆ ಜಗಳ ಶುರು. ಕಥೆ, ಕವಿತೆ ಬೇಡ, ಮಾತಾಡುವ ಇಂಗ್ಲಿಷ್ ಕಲಿಸಿ ಎನ್ನುವವರು ಇವರು. ಇವರ ಬೆರಳು ಯಾವಾಗಲೂ ಗಡಿಯಾಚೆ. ನಿಪ್ಪಾಣಿಗೆ ಅಂಟಿಕೊಂಡಂತಿರುವ ಅರ್ಜುನನಗರದ ದೇವಚಂದ ಕಾಲೇಜು ಕಾಗಲ್ ತಾಲ್ಲೂಕಿನದು, ಮಹಾರಾಷ್ಟ್ರದ್ದು. ಅಲ್ಲಿ ‘ಬಾರಾವಿ’, ಅಂದರೆ ಹನ್ನೆರಡನೇ ತರಗತಿ, ಓದುವವರ ಪುಸ್ತಕ ‘ಯುವಕಭಾರತಿ’. ಅದರಲ್ಲಿ ಗುಂಪುಚರ್ಚೆ ಇದೆ, ಮೈಂಡ್ ಮ್ಯಾಪಿಂಗ್ ಇದೆ, ಕಾಲೇಜು ಪ್ರವೇಶಕ್ಕೆ ಬರೆಯುವ ಉದ್ದೇಶಪತ್ರವಿದೆ; ನಮ್ಮದರಲ್ಲೇನಿದೆ ಎಂಬುದು ಇವರ ವಾದ. ಅದೇ ಪುಸ್ತಕದಲ್ಲಿ ವರ್ಜೀನಿಯಾ ವೂಲ್ಫ್, ಓ ಹೆನ್ರಿ, ದಿಲೀಪ ಚಿತ್ರೆ, ಮಮಂಗ್ ದಾಯಿ ಇರುವುದನ್ನು ಇವರು ಹೇಳುವುದಿಲ್ಲ. ಇವರೂ ಪರಿವಿಡಿಯ ಓದುಗರೇ. ಹೊಗಳುವವರು ಮೇಲಿನ ಅರ್ಧ ಓದಿದರು, ಇವರು ಕೆಳಗಿನರ್ಧ ಓದಿದರು, ಅಷ್ಟೇ. ಗುಂಪುಚರ್ಚೆಯನ್ನು ನಾಲ್ಕು ಹೆಸರು ಹಾಕಿ ಹಾಳೆಯ ಮೇಲೆ ಬರೆದರೆ ಅದೂ ಒಂದು ನಮೂನೆಯೇ, ನಮ್ಮ ಅರ್ಜಿಯ ತಮ್ಮ. ಇನ್ನು, ಮಾತು ಹುಟ್ಟಬೇಕಾದರೆ ಆಡಲು ವಿಷಯ ಬೇಕು. ಅಚೆಬೆಯ ‘ದ ವೋಟರ್’ ಕಥೆಯ ರೂಫ್ ಒಬ್ಬ ಅಭ್ಯರ್ಥಿಗಾಗಿ ಓಡಾಡಿ, ಎದುರಾಳಿಯ ದುಡ್ಡನ್ನೂ ತಿಂದು, ಮತಪತ್ರವನ್ನು ಎರಡು ತುಂಡು ಮಾಡಿ ಎರಡೂ ಪೆಟ್ಟಿಗೆಗೆ ಹಾಕುತ್ತಾನೆ. ಚುನಾವಣೆಯ ಮರುವಾರ ಅಥಣಿಯ ಯಾವ ತರಗತಿಯಲ್ಲಿ ಈ ಕಥೆ ಎತ್ತಿದರೂ ಹುಡುಗರು ಬಾಯಿ ಬಿಡದೆ ಇರಲಾರರು. ಹರಕು ಇಂಗ್ಲಿಷಿನಲ್ಲಿ, ನಡುವೆ ಕನ್ನಡ, ಮರಾಠಿ ಸೇರಿಸಿ ಮಾತಾಡುತ್ತಾರೆ. ಕಲಿಕೆ ಶುರುವಾಗುವುದೇ ಅಲ್ಲಿಂದ. ಕಥೆ ಕಿತ್ತುಹಾಕಿ ‘ಹೌ ಆರ್ ಯು’ ಕೊಟ್ಟರೆ ಮೂರನೇ ವಾಕ್ಯಕ್ಕೆ ಮಾತು ಮುಗಿಯುತ್ತದೆ.

ಈ ಕೋರ್ಸಿನಿಂದ ಏನು ನಿರೀಕ್ಷಿಸಬಹುದು ಎಂದು ಕೇಳುವವರಿಗೆ ನನ್ನ ಉತ್ತರ: ಒಳ್ಳೆಯ ಆಯ್ಕೆಯ ಪಾಠಗಳು, ಅವನ್ನು ಓದದೆಯೇ ದಾಟಬಹುದಾದ ಪರೀಕ್ಷೆ. ಪಾಸಿನ ಗೆರೆ ದಾಟಿಸುವ ಮಟ್ಟಿಗೆ ಅದು ಯಶಸ್ವಿ. ಪದವಿಯ ಮೊದಲ ವರ್ಷದಲ್ಲಿ ಒಂದು ಪುಟವನ್ನು ಸ್ವತಂತ್ರವಾಗಿ ಓದಿ ಅಭಿಪ್ರಾಯ ಹೇಳುವಂತೆ ಮಾಡುವುದರಲ್ಲಿ ಸೋತಿದೆ. ಪುಸ್ತಕಕ್ಕೆ ಸಂದ ಕೀರ್ತಿ ಸಂಪಾದಕರ ಅಭಿರುಚಿಗೆ ಸಂದದ್ದು, ಕೋರ್ಸಿಗಲ್ಲ.

ಬೋರ್ಡನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ 2023–24ರಿಂದ ಲಿಖಿತ ಪರೀಕ್ಷೆ 80ಕ್ಕೆ ಇಳಿದು, 20 ಅಂಕ ಕಾಲೇಜಿನ ಕೈಗೆ ಬಂದಿವೆ. ನೋಟ್ಸ್ ನಕಲು ಮಾಡಿಸಿ ಎಲ್ಲರಿಗೂ ಸಾರಾಸಗಟಾಗಿ ಹಂಚುವ ಬದಲು, ಮೊನಾಕೊದ ರಾಜನಿಗೂ ನಿಪ್ಪಾಣಿಯ ತಂಬಾಕಿಗೂ ನಂಟು ಹುಡುಕಿ ಎರಡು ಪುಟ ಬರೆ, ತರಗತಿಯ ಮುಂದೆ ನಿಂತು ಹೇಳು ಎಂದು ಆ ಅಂಕ ಇಡಲು ಯಾವ ಸುತ್ತೋಲೆಗೂ ಕಾಯಬೇಕಿಲ್ಲ. ಆ ಸೈನಿಕರಂತೆ, ನಮಗದನ್ನು ಕಲಿಸಿಲ್ಲ ಎಂದು ಉಪನ್ಯಾಸಕರು ಹೇಳಿದರೆ ಒಪ್ಪುವುದು ಕಷ್ಟ.