ಫ್ರಾಂಕಿಸ್‌ಸ್ಟೈನ್: ಒಂದು ತುಂಟ ಮರುಹುಟ್ಟು

ಜೆನೆಟ್ ವಿಂಟರ್‌ಸನ್ ಅವರ 'ಫ್ರಾಂಕಿಸ್‌ಸ್ಟೈನ್' (2019) ಕಾದಂಬರಿಯಲ್ಲಿ ನನ್ನನ್ನು ಮೊದಲು ಹಿಡಿದದ್ದು ಅದರ ತೇವ. 1816, ಜಿನೀವಾ ಸರೋವರದ ದಂಡೆ. ಹಿಂದಿನ ವರ್ಷ ಇಂಡೊನೇಷ್ಯಾದ ತಾಂಬೋರಾ ಅಗ್ನಿಪರ್ವತ ಸಿಡಿದಿತ್ತು. ಅದರಿಂದಾಗಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬಿಡದ ಮಳೆಗೆ ಹದಿನೆಂಟರ ಮೇರಿ, ಕವಿಗಳಾದ ಷೆಲ್ಲಿ ಮತ್ತು ಬೈರನ್, ವೈದ್ಯ ಪೊಲಿಡೋರಿ ಎಲ್ಲರೂ ಮನೆಯೊಳಗೇ ಬಂದಿಗಳು. ದೆವ್ವದ ಕಥೆ ಕಟ್ಟುವ ಪಂಥದಿಂದ ಮೇರಿಯ 'ಫ್ರಾಂಕೆನ್‌ಸ್ಟೈನ್' ಹುಟ್ಟಿದ್ದು ಅಲ್ಲೇ. ವಿಂಟರ್‌ಸನ್ ಬರೆದಾಗ ಆ ಮಳೆ ಕಲ್ಲು, ಬಟ್ಟೆ, ಮೈಯನ್ನೆಲ್ಲ ತೋಯಿಸುತ್ತದೆ.

ಆಮೇಲೆ ಆಟ ಶುರು. ಅದೇ ಗುಂಪು ನಮ್ಮ ಕಾಲದಲ್ಲಿ ಮತ್ತೆ ಹುಟ್ಟುತ್ತದೆ. ಮೇರಿ ಈಗ ರೈ ಷೆಲ್ಲಿ ಎಂಬ ಟ್ರಾನ್ಸ್ ವೈದ್ಯ. ಬೈರನ್ ಪ್ರಭು ಲೈಂಗಿಕ ರೋಬೋ ಮಾರುವ ರಾನ್ ಲಾರ್ಡ್. ಕೃತಕ ಬುದ್ಧಿಮತ್ತೆಯ ಮೋಹದಲ್ಲಿರುವ ವಿಕ್ಟರ್ ಸ್ಟೈನ್ ಬೇರೆ. ರಾನ್‌ನ ಬಾಯಿಬಡುಕತನಕ್ಕೆ ನಗುತ್ತಿರುವಾಗಲೇ ಪುಟ ತಿರುಗಿ, ಮಗುವನ್ನು ಕಳೆದುಕೊಂಡ ಮೇರಿಯ ಎದುರು ನಿಂತಿರುತ್ತೇವೆ. ಎರಡು ಶತಮಾನಗಳ ನಡುವಿನ ಹೊಲಿಗೆ ಎಷ್ಟು ನಯ! ಆ ಕೈಗೆ ನಾನು ಮನಸಾರೆ ನಮಿಸುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬೆಡ್ಲಮ್ ಹುಚ್ಚಾಸ್ಪತ್ರೆಯ ಭಾಗ. ತಾನೇ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎನ್ನುವವನೊಬ್ಬ ಅಲ್ಲಿಗೆ ಬಂದು ಸೇರುತ್ತಾನೆ, ತನ್ನನ್ನು ಬರೆದವಳಿಗೇ ಎದುರಾಗುತ್ತಾನೆ, ಇಲ್ಲವಾಗಿಸು ಎಂದು ಬೇಡುತ್ತಾನೆ. ಮೂಲದಲ್ಲಿ ಸೃಷ್ಟಿ ಸೃಷ್ಟಿಕರ್ತನನ್ನು ಹಿಂಬಾಲಿಸಿತ್ತು. ಇಲ್ಲಿ ಆ ಸೃಷ್ಟಿಕರ್ತನೇ ಸೃಷ್ಟಿಯಾಗಿ ಕೈಚಾಚುತ್ತಾನೆ. ಮುಂದೆ ಬೈರನ್ನನ ಮಗಳು, ಗಣಿತಜ್ಞೆ ಏಡಾ ಲವ್‌ಲೇಸ್, ಮೇರಿಯ ಜೊತೆ ಮಾತಿಗೆ ನಿಲ್ಲುತ್ತಾಳೆ. ಕಥೆ ಬರೆದವಳು ಒಂದು ಕಡೆ, ಲೆಕ್ಕ ಹಾಕುವ ಯಂತ್ರದ ಕನಸು ಕಂಡವಳು ಇನ್ನೊಂದು ಕಡೆ.